ನಾಲ್ಕನೇ ಥಿಯೇಟರಿನ ಖಾಲಿ ಖಾನೆ

ನಮ್ಮ ಆಸ್ಪತ್ರೆಯ ನಾಲ್ಕನೇ ಆಪರೇಷನ್ ಥಿಯೇಟರಿನಲ್ಲಿ ದೆವ್ವವಿದೆ, ಅಲ್ಲಿ ಹೆಣ್ಣು ಡಾಕ್ಟರ್ ಚಾಕು ಹಿಡಿದರೆ ಪೇಷೆಂಟ್ ಉಳಿಯುವುದಿಲ್ಲ ಎಂದು ಹೇಳುತ್ತಾರೆ. ಹೇಳುವವರೆಲ್ಲ ಓದಿದವರು. ನಗುತ್ತಲೇ ಹೇಳುತ್ತಾರೆ. ಮರುದಿನದ ಲಿಸ್ಟ್ ಹಾಕುವಾಗ ಆ ನಗುವೂ ಇರುವುದಿಲ್ಲ, ಹೆಂಗಸರ ಹೆಸರೂ ಇರುವುದಿಲ್ಲ. ಇದು ನಿಜವೇ ಎಂದು ಒಬ್ಬರಾದರೂ ದಾಖಲೆ ತೆಗೆದು ನೋಡಿದ್ದಾರೆಯೇ? ನಾನು ನೋಡಿದೆ. ಸುಳ್ಳೆಂದು ಸಾಬೀತು ಮಾಡುವ ಹುಮ್ಮಸ್ಸಿನಲ್ಲಿ ಹೋಗಿದ್ದೆ. ದಾಖಲೆಗಳೆಲ್ಲ ದೆವ್ವದ ಪಕ್ಷದಲ್ಲಿದ್ದವು.

ಆಗ ನಾನು ಹೈದರಾಬಾದಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ಜನರಲ್ ಸರ್ಜರಿಯ ಮೂರನೇ ವರ್ಷದ ರೆಸಿಡೆಂಟ್, ಅಂದರೆ ಕಲಿಯುತ್ತಲೇ ಕೆಲಸ ಮಾಡುವ ಡಾಕ್ಟರ್. ಯೂನಿಟ್ಟಿನಲ್ಲಿ ಒಬ್ಬಳೇ ಹೆಂಗಸು. ‘ಸರ್ಜನ್ನರ ಕೋಣೆ’ ಎಂದು ಬೋರ್ಡು ಹಾಕಿದ್ದು ಗಂಡಸರು ಬಟ್ಟೆ ಬದಲಿಸುವ ಕೋಣೆಗೆ. ನಾನು ನರ್ಸುಗಳ ಕೋಣೆಯಲ್ಲಿ ಬದಲಿಸುತ್ತಿದ್ದೆ. ಯಾವ ಕೇಸು ಯಾರಿಗೆ ಎಂಬುದು ಆ ಇನ್ನೊಂದು ಕೋಣೆಯ ಬೆಂಚಿನ ಮೇಲೆ, ಬೆಳಗಿನ ಚಹಾದ ಜೊತೆ ತೀರ್ಮಾನವಾಗುತ್ತಿತ್ತು. ನಾನು ಟೊಪ್ಪಿ ಕಟ್ಟಿಕೊಂಡು ಹೊರಬರುವಷ್ಟರಲ್ಲಿ ಆ ತೀರ್ಮಾನ ಹಳೆಯದಾಗಿರುತ್ತಿತ್ತು. ನನ್ನ ಅಳತೆಯ ಆರೂವರೆ ನಂಬರಿನ ಗ್ಲೌಸು ಸ್ಟಾಕಿನಲ್ಲಿ ಇರುತ್ತಿರಲಿಲ್ಲ. ಏಳೂವರೆ ಹಾಕಿಕೊಂಡು, ಬೆರಳ ತುದಿಯಲ್ಲಿ ರಬ್ಬರು ಜೋತಾಡುತ್ತಿರುವಾಗಲೇ ಗಂಟು ಹಾಕುವುದನ್ನು ಕಲಿತೆ.

ಕಥೆಯನ್ನು ನನಗೆ ಮೊದಲು ಹೇಳಿದವನು ನನ್ನ ಜೊತೆಯ ರೆಸಿಡೆಂಟ್, ದಿಲ್‌ಸುಖ್‌ನಗರದ ಹುಡುಗ.

“ಮೇಡಂ, ಉಸ್ ಥಿಯೇಟರ್ ಮೇ ಲೇಡೀಸ್ ಕಾ ಹಾತ್ ನಹೀ ಚಲ್ತಾ,” ಎಂದ. ಅಲ್ಲಿ ಹೆಂಗಸರ ಕೈ ನಡೆಯುವುದಿಲ್ಲವಂತೆ.

“ಎಷ್ಟು ಸಲ ನಡೆಸಿ ನೋಡಿದ್ದೀರಿ?” ಎಂದು ಹಿಂದಿಯಲ್ಲೇ ಕೇಳಿದೆ.

“ಯೇ ಆಪ್ ಕಾ ಕಾಲೇಜ್ ಡಿಬೇಟ್ ನಹೀ ಹೈ,” ಎಂದು ನಕ್ಕ. ಇದು ನಿಮ್ಮ ಕಾಲೇಜಿನ ಡಿಬೇಟ್ ಅಲ್ಲ ಎಂದು; ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದದ್ದು ಅವನಿಗೆ ಗೊತ್ತಿತ್ತು.

ನಾಲ್ಕನೇ ಥಿಯೇಟರ್ ಕಾರಿಡಾರಿನ ತುದಿಯಲ್ಲಿದೆ. ಅದರ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಕಾರಣ ಸರಳ: ಹೊರಗಿನ ಧೂಳು ಒಳಗೆ ಬಾರದಂತೆ ಥಿಯೇಟರಿನ ಗಾಳಿಯ ಒತ್ತಡವನ್ನು ಹೆಚ್ಚು ಇಟ್ಟಿರುತ್ತಾರೆ, ಆ ಬಾಗಿಲಿನ ಸ್ಪ್ರಿಂಗ್ ಸಡಿಲವಾಗಿದೆ. ಇದನ್ನು ನಾನೇ ಎಲ್ಲರಿಗೂ ವಿವರಿಸುತ್ತಿದ್ದೆ. ವಿವರಣೆ ಗೊತ್ತಿದ್ದರೂ ಬಾಗಿಲು ತೆರೆದಾಗ ಎಲ್ಲರೂ ಒಂದು ಗಳಿಗೆ ಮಾತು ನಿಲ್ಲಿಸುತ್ತಿದ್ದರು. ನಾನೂ ನಿಲ್ಲಿಸುತ್ತಿದ್ದೆ.

ಪ್ರತಿ ಥಿಯೇಟರಿಗೂ ಒಂದು ದೊಡ್ಡ ರಿಜಿಸ್ಟರ್ ಇರುತ್ತದೆ. ದಿನಾಂಕ, ರೋಗಿ, ಶಸ್ತ್ರಕ್ರಿಯೆ, ಸರ್ಜನ್, ಸಹಾಯಕರು ಹೀಗೆ ಖಾನೆಗಳು. ಅದನ್ನು ಬರೆಯುವವರು ಥಿಯೇಟರಿನ ಮುಖ್ಯ ಸಿಸ್ಟರ್. ಅವರ ಮನೆತನ ಬೀದರ್ ಕಡೆಯದು. ಎರಡು ತಲೆಮಾರಿನಿಂದ ಇಲ್ಲಿದ್ದರೂ ಮನೆಮಾತು ಕನ್ನಡ. ನಾನು ಮೈಸೂರಿಗೆ ಫೋನು ಮಾಡುವುದನ್ನು ಕೇಳಿಸಿಕೊಂಡು ಮೊದಲ ವಾರವೇ ಡಬ್ಬಿ ಮುಂದಕ್ಕೆ ಸರಿಸಿದ್ದರು. “ತಗೋರಿ ಡಾಕ್ಟರವ್ವಾ. ನಿಮ್ಮ ಮೈಸೂರು ಬಾಯಿಗೆ ಈ ಖಾರ ತಡಿಯಂಗಿಲ್ಲ, ಆದ್ರೂ ತಗೋರಿ.”

ಥೀಸಿಸ್ಸಿಗೆ ಬೇಕು ಎಂದು ಹೇಳಿ ಹಳೆಯ ರಿಜಿಸ್ಟರುಗಳನ್ನು ಅವರಿಂದಲೇ ಇಸಿದುಕೊಂಡೆ. ಮೂರು ಮಧ್ಯಾಹ್ನ ಸ್ಟೋರ್ ರೂಮಿನಲ್ಲಿ ಕೂತು ಒಂದೊಂದು ಪುಟವನ್ನೂ ಬೆರಳಿಟ್ಟು ನೋಡಿದೆ. ನಾಲ್ಕನೇ ಥಿಯೇಟರಿನ ಸರ್ಜನ್ ಖಾನೆಯಲ್ಲಿ ಹೆಂಗಸಿನ ಹೆಸರು ಸಿಕ್ಕಿದ್ದು ಮೂರು ಕಡೆ. ಬೇರೆ ಬೇರೆ ವರ್ಷ, ಬೇರೆ ಬೇರೆ ಹೆಸರು, ಮೂವರೂ ನನ್ನ ಹಾಗೆ ರೆಸಿಡೆಂಟರು. ಮೂರೂ ಸಾಲಿನ ಷರಾ ಒಂದೇ: ಟೇಬಲ್ ಮೇಲೆ ಸಾವು.

ಮೂರು ಎಂಬುದು ಸಣ್ಣ ಸಂಖ್ಯೆ, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ನಾನೇ ವಾದಿಸಿದೆ. ಎದುರು ಪಕ್ಷವೂ ನಾನೇ ಆಗಿ ಉತ್ತರಿಸಿದೆ: ಮೂರಕ್ಕೆ ಮೂರು. ಮರುದಿನ ಅದೇ ಥಿಯೇಟರಿನಲ್ಲಿ ಹೊಟ್ಟೆಯ ಅಂಚನ್ನು ಕೊಕ್ಕೆಯಿಂದ ಎಳೆದು ಹಿಡಿದು ನಿಂತಿದ್ದಾಗ ಬೆನ್ನ ಹಿಂದೆ ಬಾಗಿಲು ತೆರೆಯಿತು. ತಿರುಗಿ ನೋಡಬೇಕೆನಿಸಲಿಲ್ಲ. ಸ್ಪ್ರಿಂಗ್ ನೋಡಲು ಹೆದರುವವಳು ದೆವ್ವ ಇಲ್ಲವೆಂದು ಯಾವ ಬಾಯಲ್ಲಿ ವಾದಿಸುವುದು?

ಅದಾಗಿ ಒಂದು ವಾರಕ್ಕೆ ನನ್ನ ಲಾಗ್‌ಬುಕ್ ತುಂಬಲು ಕೂತೆ. ರೆಸಿಡೆಂಟ್ ತಾನು ಮಾಡಿದ, ಜೊತೆ ನಿಂತ ಕೇಸುಗಳನ್ನೆಲ್ಲ ಅದರಲ್ಲಿ ಬರೆಯಬೇಕು, ರಿಜಿಸ್ಟರಿನೊಂದಿಗೆ ತಾಳೆ ನೋಡಬೇಕು. ಹಿಂದಿನ ಮಳೆಗಾಲದಲ್ಲಿ, ನಮ್ಮ ಯೂನಿಟ್ಟಿನ ಮುಖ್ಯ ಸರ್ಜನ್, ಅಂದರೆ ಚೀಫ್, ಮೀಟಿಂಗಿಗೆ ಹೋಗಿದ್ದ ದಿನ, ಕರುಳು ತೂತಾಗಿ ಬಂದ ಒಬ್ಬನ ಹೊಟ್ಟೆಯನ್ನು ನಾನೇ ತೆರೆದು, ತೂತು ಮುಚ್ಚಿ, ನಾನೇ ಹೊಲಿದಿದ್ದೆ. ನಾಲ್ಕನೇ ಥಿಯೇಟರಿನಲ್ಲೇ. ಆತ ನಡೆದುಕೊಂಡು ಮನೆಗೆ ಹೋದ. ರಿಜಿಸ್ಟರಿನ ಆ ಸಾಲಿನಲ್ಲಿ ಸರ್ಜನ್: ಚೀಫ್. ಸಹಾಯಕರು: ಜೊತೆಯ ರೆಸಿಡೆಂಟ್, ಆಮೇಲೆ ನಾನು. ಇಂಥವು ಐದು ಸಿಕ್ಕವು. ಐದರಲ್ಲೂ ಚಾಕು ನನ್ನದು, ಐವರೂ ಬದುಕಿದ್ದಾರೆ, ಐದರಲ್ಲೂ ನಾನು ಸಹಾಯಕಿ. ನಾನು ರಿಜಿಸ್ಟರಿನಲ್ಲಿ ಹೆಸರು ಹುಡುಕಿದ್ದೆ, ಕೈ ಹುಡುಕಿರಲಿಲ್ಲ.

ಸರ್ಜನ್ ಹೆಸರನ್ನು ಯಾವಾಗ ಬರೆಯುತ್ತೀರಿ ಎಂದು ಸಿಸ್ಟರನ್ನು ಕೇಳಿದೆ.

“ಕೇಸ್ ಮುಗಿದ ಮ್ಯಾಲೆ ಸಾಹೇಬ್ರು ಹೆಸರು ಹೇಳ್ತಾರ್ರಿ, ನಾ ಬರೀತೀನಿ. ಅಲ್ಲೀತನಾ ಆ ಖಾನಿ ಖಾಲಿ.”

“ಮೊದಲೇ ಯಾಕೆ ಬರೆಯೋದಿಲ್ಲ?”

“ಲಿಸ್ಟ್ ಬದಲಾಕ್ಕತಿ. ಬರದು ಕಾಟು ಹೊಡದ್ರ ಆಡಿಟ್‌ನವ್ರು ಬಯ್ತಾರ. ಮದಲಿಂದ ಹಿಂಗ ನಡದೈತಿ.”

“ಈ ಮೂರು ಹೆಸರೂ ಮುಗಿದ ಮೇಲೆ ಹೇಳಿದ್ದಾ?”

ಅವರು ರಿಜಿಸ್ಟರ್ ಮುಚ್ಚಿದರು. ಗ್ಲೌಸು ಸುತ್ತಿ ಬರುವ ಕಾಗದದ ಮೇಲೆ ಒಂದು ನಂಬರು ಬರೆದು ಕೊಟ್ಟರು. “ಇಕಿ ಆ ಮೂವರೊಳಗ ನಡುವಿನಾಕಿ. ನಮ್ಮ ಕಡಿಯಾಕಿನೇ, ಕಲಬುರಗಿ ಮಂದಿ. ಈಗ ಕೊಂಡಾಪುರದಾಗ ನೌಕರಿ ಮಾಡಾಕತ್ತಾಳ. ನಾ ಕೊಟ್ಟೆ ಅಂತ ಎಲ್ಲೂ ಹೇಳಬ್ಯಾಡ್ರಿ.”

ಕೊಂಡಾಪುರದ ಗಾಜಿನ ಕಟ್ಟಡವೊಂದರ ಕೆಳಗಿನ ಕ್ಯಾಂಟೀನಿನಲ್ಲಿ ಅವರನ್ನು ಭೇಟಿಯಾದೆ. ಬೇರೆ ಆಸ್ಪತ್ರೆಗಳ ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸುವ ಕೆಲಸ. ಕೊರಳಲ್ಲಿ ಗುರುತಿನ ಚೀಟಿ. ಸರ್ಜರಿ ಬಿಟ್ಟು ಆರು ವರ್ಷವಾಗಿತ್ತು. ಆದರೂ ಚಹಾದ ಲೋಟವನ್ನು ಸೂಜಿ ಹಿಡಿಯುವ ಉಪಕರಣ ಹಿಡಿದಂತೆ ಹಿಡಿದಿದ್ದರು.

“ಎರಡು ತಾಸು ನಾ ಟೇಬಲ್ಲಿನ ಎಡಕ್ಕ ನಿಂತಿದ್ದೆ, ಸಹಾಯಕ್ಕ,” ಎಂದರು. “ಬಲಕ್ಕ ಸಾಹೇಬ್ರು. ಹೊಟ್ಟಿ ಕೆಲಸದಾಗ ಬಲಕ್ಕ ನಿಂತಾವ್ರೇ ಸರ್ಜನ್, ನಿಮಗ ಹೇಳಬೇಕಾಗಿಲ್ಲ. ನಡುವ ರಕ್ತ ಒಡದ್ತು. ಸಾಹೇಬ್ರು ಅರ್ಧ ಹೆಜ್ಜಿ ಹಿಂದ ಸರದ್ರು. ನನ್ನ ನೋಡಿ ‘ಇಟು ರಾಮ್ಮಾ’ ಅಂದ್ರು. ಈ ಕಡೆ ಬಾರಮ್ಮ ಅಂತ, ಭಾಳ ಮೆತ್ತಗ. ಎರಡೂವರಿ ವರ್ಷ ಆ ಮಾತಿಗೆ ಕಾದಿದ್ದೆ. ಖರೇ ಹೇಳ್ತೀನಿ, ಖುಷಿ ಆತು. ರಕ್ತ ಕಾಣಸ್ತಿತ್ತು, ಆದ್ರೂ ಖುಷಿ ಆತು.”

“ಆಮೇಲೆ?”

“ಇಪ್ಪತ್ತು ನಿಮಿಷಕ್ಕ ಪೇಷೆಂಟಿನ ಎದಿ ನಿಂತ್ತು. ತಿಂಗಳಾ ಸಾವಿನ ಕೇಸುಗಳ ಸಭೆ ಆಕ್ಕತಲ್ಲ, ಅದರಾಗ ಸರ್ಜನ್ ಖಾನಿಯೊಳಗ ಯಾರ ಹೆಸರು ಐತಿ ಅವರೇ ಎದ್ದು ನಿಂತು ಉತ್ತರಾ ಕೊಡಬೇಕು. ನಾ ನಿಂತೆ. ನೂರು ಪ್ರಶ್ನಿ ಕೇಳಿದ್ರು. ಮದಲಿನ ಎರಡು ತಾಸು ಯಾರು ಮಾಡಿದ್ರು ಅಂತ ಒಬ್ಬರೂ ಕೇಳಲಿಲ್ಲ.”

“ನೀವೇ ಹೇಳಬಹುದಿತ್ತಲ್ಲ?”

“ಏನಂತ? ನಾ ಸರ್ಜನ್ ಅಲ್ಲಂತೇನು? ನಾನೂ ಸರ್ಜನ್ನೇ ಅಂತ ಎರಡೂವರಿ ವರ್ಷ ಜಗಳಾ ತಗದಾಕಿ ನಾ.”

ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ತಿರುಗಿಸಿ ಜೋಡಿಸಿದೆ. ಹೆಂಗಸು ಚಾಕು ಹಿಡಿದದ್ದಕ್ಕೆ ರೋಗಿ ಸಾಯುತ್ತಿರಲಿಲ್ಲ. ರೋಗಿ ಸಾಯುವುದು ಖಚಿತವಾದಾಗ ಚಾಕು ಹೆಂಗಸಿನ ಕೈಗೆ ಬರುತ್ತಿತ್ತು. ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡುವ ತಪ್ಪು, ಡಿಬೇಟಿನಲ್ಲಿ ನಾವು ಮೊದಲ ವರ್ಷವೇ ಹಿಡಿಯಲು ಕಲಿಯುವಂಥದ್ದು. ವಾದ ಗೆದ್ದಿದ್ದೆ. ಬೇಗಂಪೇಟೆ ಬರುವಷ್ಟರಲ್ಲಿ ಆ ಗೆಲುವು ಉಳಿದಿರಲಿಲ್ಲ. ದೆವ್ವವಾದರೆ ಯಾರನ್ನಾದರೂ ಹಿಡಿಯುತ್ತದೆ. ಇದು ಹೆಸರು ಕೇಳಿ, ಕಾದು, ಮೆತ್ತಗೆ ಕರೆಯುತ್ತದೆ. ಆ ಯೂನಿಟ್ಟಿನಲ್ಲಿ ಈಗ ಉಳಿದಿರುವ ಹೆಂಗಸು ನಾನೊಬ್ಬಳೇ.

ಮೂರು ವಾರದ ನಂತರ ಆ ಕೇಸು ಬಂತು. ಐವತ್ತರ ಆಸುಪಾಸಿನ ಟೈಲರ್. ಗುಲ್ಮ, ಅಂದರೆ ಸ್ಪ್ಲೀನ್, ಊದಿಕೊಂಡು ಹೊಟ್ಟೆಯ ಎಡಭಾಗವನ್ನೆಲ್ಲ ಆಕ್ರಮಿಸಿತ್ತು, ತೆಗೆಯಲೇಬೇಕಿತ್ತು. ಅವರ ಹೆಂಡತಿ ನನ್ನನ್ನು ‘ನರ್ಸಮ್ಮಾ’ ಎನ್ನುತ್ತಿದ್ದರು; ತಿದ್ದುವುದನ್ನು ನಾನು ಎಂದೋ ಬಿಟ್ಟಿದ್ದೆ. ನಾಲ್ಕನೇ ಥಿಯೇಟರ್, ಬೆಳಿಗ್ಗೆ ಹತ್ತಕ್ಕೆ. ಜೊತೆಯ ರೆಸಿಡೆಂಟ್ ಅಕ್ಕನ ಮದುವೆಗೆಂದು ವರಂಗಲ್ಲಿಗೆ ಹೋಗಿದ್ದ. ಹಾಗಾಗಿ ಬಲಕ್ಕೆ ಚೀಫ್, ಎಡಕ್ಕೆ ನಾನು, ನನ್ನ ಪಕ್ಕ ಒಬ್ಬ ಇಂಟರ್ನ್. ಉಪಕರಣ ಕೊಡಲು ಮುಖ್ಯ ಸಿಸ್ಟರೇ ನಿಂತರು.

ಚೀಫ್ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ನಾನು ಕಂಡ ಒಳ್ಳೆಯ ಕೈಗಳಲ್ಲಿ ಅವರದೂ ಒಂದು. ಎಂದೂ ಗದರಿದವರಲ್ಲ. ಆ ದಿನವೂ ಒಂದೂವರೆ ಗಂಟೆ ಚೆನ್ನಾಗಿಯೇ ನಡೆಯಿತು. ಗುಲ್ಮ ಮೇಲ್ಗಡೆ ವಪೆಗೆ, ಎದೆ ಮತ್ತು ಹೊಟ್ಟೆಯ ನಡುವಿನ ಪರದೆಗೆ, ಅಂಟಿಕೊಂಡಿತ್ತು. ಅದನ್ನು ಬಿಡಿಸಲು ಅವರು ಎಡಗೈಯನ್ನು ಹಿಂದಕ್ಕೆ ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳಿನಿಂದ ಸೀಳುತ್ತಿದ್ದರು. ಗುಲ್ಮವನ್ನು ಮುಂದಕ್ಕೆ ಎಳೆದಾಗ ಅದರ ಬುಡದ ದೊಡ್ಡ ರಕ್ತನಾಳ ಹರಿಯಿತು. ಮೊದಲು ಬದಲಾದದ್ದು ಸದ್ದು. ಅಲ್ಲಿಯವರೆಗೆ ಸುಯ್ಯೆನ್ನುತ್ತಿದ್ದ, ರಕ್ತ ಹೀರುವ ಸಕ್ಷನ್ ನಳಿಕೆ ಗುಟುಕು ಗುಟುಕಾಗಿ ನುಂಗತೊಡಗಿತು. ಹೊಟ್ಟೆ ತುಂಬಿತು. ಅರಿವಳಿಕೆ ಡಾಕ್ಟರ್ ರಕ್ತದೊತ್ತಡ ತೊಂಬತ್ತು ಎಂದರು. ಎಂಬತ್ತು ಎಂದರು.

ಚೀಫ್ ಅರ್ಧ ಹೆಜ್ಜೆ ಹಿಂದೆ ಸರಿದರು. ನನ್ನನ್ನು ನೋಡಿದರು.

“ಇಟು ರಾಮ್ಮಾ.”

ಆ ಕ್ಷಣಕ್ಕೆ ಬಾಗಿಲು ತೆರೆಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ತೆರೆಯಲಿಲ್ಲ. ಎಲ್ಲವೂ ಬಹಳ ಶಾಂತವಾಗಿತ್ತು. ಹೋಗದೆ ಇರಲು ಆಗುವುದಿಲ್ಲ, ರಕ್ತ ಹರಿಯುತ್ತಿದೆ. ಎರಡೂ ಕೈ ಎದೆಗೆ ಒತ್ತಿಕೊಂಡು, ಯಾವುದನ್ನೂ ಮುಟ್ಟದಂತೆ, ರೋಗಿಯ ಕಾಲ ಕಡೆಯಿಂದ ಸುತ್ತಿ ಬಲಕ್ಕೆ ಬಂದೆ. ಎಂಟು ಹೆಜ್ಜೆ. ನನಗೆ ಎಲ್ಲ ಗೊತ್ತಿತ್ತು. ಆದರೂ ಅದರಲ್ಲಿ ಒಂದೆರಡು ಹೆಜ್ಜೆಗೆ ಖುಷಿಯಾಯಿತು. ಈ ಇಡೀ ಪ್ರಸಂಗದಲ್ಲಿ ನನ್ನನ್ನು ಈಗಲೂ ಹೆದರಿಸುವುದು ಆ ಖುಷಿ.

“ಸಿಸ್ಟರ್, ಟೈಮ್ ಎಷ್ಟು?” ಎಂದು ಜೋರಾಗಿ ಕೇಳಿದೆ.

“ಹನ್ನೊಂದು ನಲವತ್ತ್ರಿ.”

ಎಡಗೈಯನ್ನು ರಕ್ತದೊಳಗೆ ಇಳಿಸಿ ಗುಲ್ಮದ ಬುಡವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಹಿಸುಕಿ ಹಿಡಿದೆ. ಸಕ್ಷನ್ನಿನ ಗುಟುಕು ನಿಧಾನವಾಯಿತು. “ಹಾಗೇ ಹಿಡಿದಿರಿ, ಐದು ನಿಮಿಷ ಕೊಡಿ, ರಕ್ತ ಏರಿಸುತ್ತೇನೆ,” ಎಂದರು ಅರಿವಳಿಕೆ ಡಾಕ್ಟರ್. ಐದು ನಿಮಿಷ ಕದಲದೆ ನಿಂತೆ. ಚೀಫ್ ಮೂಲೆಯಲ್ಲಿ ಗ್ಲೌಸು ಕಳಚಿ, ಬೆನ್ನು ತಿರುಗಿಸಿ ಬ್ಲಡ್ ಬ್ಯಾಂಕಿಗೆ ಫೋನು ಮಾಡುತ್ತಿದ್ದರು. ಆಮೇಲೆ ಉದ್ದನೆಯ ಇಕ್ಕಳ ಹಾಕಿ, ಕತ್ತರಿಸಿ, ಎರಡೆರಡು ಗಂಟು ಹಾಕಿದೆ. ಗುಲ್ಮ ಹೊರಗೆ ಬಂತು. ಆದರೆ ವಪೆಯ ಅಡಿಯ ಗಾಯ ಇನ್ನೂ ಒಸರುತ್ತಿತ್ತು, ರಕ್ತ ಹೆಪ್ಪುಗಟ್ಟುವುದನ್ನೇ ಮರೆತಿತ್ತು. ಅಲ್ಲಿ ಹೊಲಿಯಲು ಹೋದರೆ ಇನ್ನಷ್ಟು ಹರಿಯುತ್ತದೆ. ಆರು ದೊಡ್ಡ ಬಟ್ಟೆಗಳನ್ನು ಒತ್ತಾಗಿ ತುರುಕಿ, ಸಿಸ್ಟರಿಂದ ಎಣಿಕೆ ಮಾಡಿಸಿ, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ ಐಸಿಯುಗೆ ಕಳಿಸಿದೆ. ಎರಡು ದಿನದ ನಂತರ ಮತ್ತೆ ತೆರೆದು ಬಟ್ಟೆ ತೆಗೆಯಬೇಕು. ಅಲ್ಲಿಯತನಕ ಉಳಿದರೆ.

ಮಧ್ಯಾಹ್ನ ರಿಜಿಸ್ಟರ್ ನೋಡಿದೆ. ಎಲ್ಲ ತುಂಬಿತ್ತು, ಸರ್ಜನ್ ಮತ್ತು ಸಹಾಯಕರ ಖಾನೆ ಬಿಟ್ಟು.

“ಸಾಹೇಬ್ರು ‘ಆಮ್ಯಾಲೆ’ ಅಂದಾರ್ರಿ,” ಎಂದರು ಸಿಸ್ಟರ್. “ಬಟ್ಟಿ ತಗಿಯೂತನಾ ಕೇಸ್ ಮುಗದಂಗಲ್ಲಂತ.”

ಆ ಎರಡು ದಿನ ನಾನು ಐಸಿಯುನಲ್ಲೇ ಇದ್ದೆ. ಮಾನಿಟರಿನಲ್ಲಿ ಒತ್ತಡ ಏರಿದರೆ ಆ ಖಾನೆ ಚೀಫ್ ಕಡೆಗೆ ಜರುಗುತ್ತಿತ್ತು, ಇಳಿದರೆ ನನ್ನ ಕಡೆಗೆ. ಹೊರಗೆ ಬಂದಾಗಲೆಲ್ಲ ಹೆಂಡತಿ “ಎಲಾ ಉನ್ನಾರು ನರ್ಸಮ್ಮಾ?” ಎಂದು ಕೇಳುತ್ತಿದ್ದರು, ಹೇಗಿದ್ದಾರೆ ಎಂದು. ಪರವಾಗಿಲ್ಲ ಎನ್ನುತ್ತಿದ್ದೆ. ನಾನು ಒಬ್ಬ ಮನುಷ್ಯನ ರಕ್ತದೊತ್ತಡವನ್ನು ನೋಡುತ್ತಿಲ್ಲ, ನನ್ನ ಹೆಸರಿನ ಗತಿಯನ್ನು ನೋಡುತ್ತಿದ್ದೇನೆ ಎಂಬುದು ಯಾವುದೋ ಹೊತ್ತಿನಲ್ಲಿ ಅರಿವಾಗಿ, ಎದ್ದು ಹೋಗಿ ಮುಖ ತೊಳೆದುಕೊಂಡೆ.

ಎರಡನೇ ದಿನ ಬೆಳಿಗ್ಗೆ ಮೂತ್ರ ನಿಂತಿತು. ಒತ್ತಡ ಹಿಡಿದಿಡಲು ಎರಡು ಔಷಧಿ ಏರಿಸಿದರು. ರೌಂಡ್ಸಿಗೆ ಬಂದವರೆಲ್ಲ ಹಾಸಿಗೆಯ ಬದಲು ನನ್ನನ್ನು ನೋಡಿ ಮುಂದೆ ಹೋದರು.

ಆಗ ಬರೆಯಬೇಕೆಂದು ತೀರ್ಮಾನಿಸಿದೆ. ಈತ ಬದುಕಿದ ಮೇಲೆ ನನ್ನ ಹೆಸರು ಬರೆದರೆ ಅದು ಯಶಸ್ಸಿನಲ್ಲಿ ಪಾಲು ಕೇಳಿದಂತೆ. ಸತ್ತ ಮೇಲೆ ಚೀಫ್ ಹೆಸರು ಬರೆದರೆ ತಪ್ಪು ಜಾರಿಸಿದಂತೆ. ಎರಡೂ ತಿಳಿಯದ ಈ ಒಂದು ಬೆಳಗಿನಲ್ಲಿ ಮಾತ್ರ ಅದು ಬರೀ ಸತ್ಯವಾಗಿರಲು ಸಾಧ್ಯ. ಆತ ಸತ್ತರೆ ನಾಲ್ಕನೆಯ ಪುರಾವೆಯನ್ನು ನನ್ನ ಕೈಯಾರೆ ದೆವ್ವಕ್ಕೆ ಕೊಟ್ಟಂತಾಗುತ್ತದೆ ಎಂಬುದೂ ಗೊತ್ತಿತ್ತು.

ನಾನು ಪೆನ್ನು ತೆಗೆದಾಗ ಸಿಸ್ಟರ್ ಎದುರಿಗೇ ಇದ್ದರು.

“ಪುಸ್ತಕಕ್ಕ ಕೈ ಹಚ್ಚಬ್ಯಾಡ್ರಿ ಡಾಕ್ಟರವ್ವಾ. ಮುಂದ ನಿಮ್ಮ ಪರೀಕ್ಷಾ ಐತಿ.”

“ಖಾಲಿ ಇದೆಯಲ್ಲ ಸಿಸ್ಟರ್.”

“ಖಾಲಿ ಇದ್ರ ನಿಮಗ ಛಲೋ.”

“ಯಾವತ್ತಿನವರೆಗೆ?”

ಸರ್ಜನ್ ಖಾನೆಯಲ್ಲಿ ಬರೆದೆ: ಆರಂಭದಿಂದ 11.40ರವರೆಗೆ ಚೀಫ್ ಹೆಸರು, 11.40ರಿಂದ ಕೊನೆಯವರೆಗೆ ನನ್ನ ಹೆಸರು. ಕೆಳಗೆ ಸಹಿ, ಬರೆದ ಹೊತ್ತು.

ಒಂದು ಗಂಟೆಯೊಳಗೆ ಚೀಫ್ ಕರೆಸಿದರು. ಕೂರಲು ಹೇಳಿದರು. ತೆಲುಗಿನಲ್ಲಿ, ಯಾವಾಗಿನ ಮೆತ್ತನೆಯ ದನಿಯಲ್ಲೇ ಮಾತಾಡಿದರು.

“ನಾನು ಖಾಲಿ ಬಿಟ್ಟದ್ದು ನಿನ್ನ ಒಳ್ಳೆಯದಕ್ಕಮ್ಮಾ. ಪೇಷೆಂಟ್ ಹೋದರೆ ನೀನೇ ಬರೆದುಕೊಟ್ಟ ಹಾಗಾಯಿತಲ್ಲ.”

“ಗೊತ್ತು ಸರ್. 11.40ಕ್ಕೆ ಮುಂಚಿನದನ್ನೂ ಬರೆದಿದ್ದೇನೆ.”

ಅವರು ಕನ್ನಡಕ ತೆಗೆದು ಒರೆಸಿದರು. “ಫೈನಲ್ ಪರೀಕ್ಷೆ ಯಾವಾಗ ನಿನಗೆ?” ಎಂದರು. ದಿನಾಂಕ ಅವರಿಗೆ ಗೊತ್ತಿತ್ತು. ಪರೀಕ್ಷಕರಲ್ಲಿ ಒಬ್ಬರು ಅವರೇ.

ಅದೇ ಸಂಜೆ ಮೂತ್ರ ಬಂತು. ಮರುದಿನ ಬೆಳಿಗ್ಗೆ ಒಂದು ಔಷಧಿ ನಿಲ್ಲಿಸಿದರು. ಮಧ್ಯಾಹ್ನ ಹೊಟ್ಟೆ ಮತ್ತೆ ತೆರೆದಾಗ ಬಲಕ್ಕೆ ಚೀಫ್ ನಿಂತರು, ಎಡಕ್ಕೆ ನಾನು. ಆರು ಬಟ್ಟೆ ಒಂದೊಂದಾಗಿ ಬಂದವು, ಎಣಿಕೆ ಸರಿಯಾಯಿತು, ಗಾಯ ಒಣಗಿತ್ತು. ನನ್ನ ಗಂಟುಗಳು ಇದ್ದಲ್ಲೇ ಇದ್ದವು. ಆರನೇ ದಿನ ಟೈಲರ್ ಇಡ್ಲಿ ತಿಂದರು. ಹೆಂಡತಿ ಚೀಫ್ ಕಾಲಿಗೆ ಬಿದ್ದರು. ಚೀಫ್ “ದೇವರು ದೊಡ್ಡವನು” ಎಂದರು.

ಅದರ ಮರುದಿನ ಥಿಯೇಟರಿಗೆ ಹೋಗಿ ರಿಜಿಸ್ಟರ್ ತೆಗೆದೆ. ನಾನು ಬರೆದ ಸಾಲುಗಳ ಮೇಲೆ ಸ್ಕೇಲು ಇಟ್ಟು ಕೆಂಪು ಗೆರೆ ಎಳೆದಿತ್ತು. ಪಕ್ಕದಲ್ಲಿ ‘ತಪ್ಪಾಗಿ ನಮೂದಾಗಿದೆ’ ಎಂದು ಇಂಗ್ಲಿಷಿನಲ್ಲಿ, ಸಿಸ್ಟರ್ ಅವರ ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಸರ್ಜನ್: ಚೀಫ್. ಮೊದಲ ಸಹಾಯಕ: ನನ್ನ ಜೊತೆಯ ರೆಸಿಡೆಂಟ್. ಆಮೇಲೆ ನಾನು.

ಅವನು ಆ ದಿನ ವರಂಗಲ್ಲಿನಲ್ಲಿ ಅಕ್ಕನ ಮದುವೆ ಊಟ ಬಡಿಸುತ್ತಿದ್ದ. ನಾಲ್ಕನೇ ಥಿಯೇಟರಿನಲ್ಲಿ ಕಣ್ಣಿಗೆ ಕಾಣದವರು ಓಡಾಡುತ್ತಾರೆ ಎಂಬುದಕ್ಕೆ ನನಗೆ ಸಿಕ್ಕಿದ ಏಕೈಕ ಲಿಖಿತ ಸಾಕ್ಷಿ ಅದು.

ಸ್ಟೋರ್ ರೂಮಿನಿಂದ ಹಳೆಯ ಮೂರು ರಿಜಿಸ್ಟರುಗಳನ್ನೂ ತಂದು ಮೇಜಿನ ಮೇಲೆ ಆ ಮೂರು ಪುಟ ತೆರೆದಿಟ್ಟೆ. ಪ್ರತಿ ಸಾಲಿಗೂ ಬಲತುದಿಯಲ್ಲಿ ಒಂದು ಸಣ್ಣ ಖಾನೆ ಇರುತ್ತದೆ, ಉಪಕರಣ ಕೊಟ್ಟ ನರ್ಸಿನ ಹೆಸರಿಗೆ. ಸರ್ಜನ್ ಯಾರೆಂದು ಹುಡುಕುವ ಗಡಿಬಿಡಿಯಲ್ಲಿ ಅಲ್ಲಿಯವರೆಗೆ ನನ್ನ ಬೆರಳು ಹೋಗಿರಲಿಲ್ಲ. ಮೂರು ಕಡೆಯೂ ಒಂದೇ ಹೆಸರಿತ್ತು.

ಅಷ್ಟರಲ್ಲಿ ಸಿಸ್ಟರ್ ಒಗೆದ ಬಟ್ಟೆಗಳ ಕಟ್ಟು ಹೊತ್ತು ಒಳಗೆ ಬಂದರು. “ಊಟ ಆತೇನ್ರಿ?” ಎಂದರು. ಮೇಜಿನ ಮೇಲಿದ್ದದ್ದನ್ನು ಕಂಡರು. ಕಟ್ಟನ್ನು ಕೆಳಗಿಡಲಿಲ್ಲ.

“ಸಿಸ್ಟರ್, ಈ ಮೂರೂ ದಿನ ಟೇಬಲ್ ಪಕ್ಕ ನಿಂತಿದ್ದವರು ನೀವೇ,” ಎಂದೆ. “ಮೊದಲ ಚಾಕು ಯಾರ ಕೈಗೆ ಕೊಟ್ಟಿರಿ?”